ಹೊಳೆ ಕೇಳ್ಕೊಂಡು ಹೊರಡಿ: ತುಂಗೆ ದಂಡೆಯ ಊರುಗಳಿಗೆ ಮೂರು ದಿನದ ದಾರಿ

ಪ್ರತಿ ವರ್ಷ ಮಳೆ ಶುರು ಆಗ್ತಿದ್ದ ಹಾಗೆ ಬೆಂಗಳೂರಿನ ಫ್ರೆಂಡ್ಸ್ ಫೋನ್ ಮಾಡೋಕೆ ಶುರು ಮಾಡ್ತಾರೆ, ಶನಿವಾರ ಬರ್ತೀವಿ ಕಣೋ, ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ, ಶೃಂಗೇರಿ ಎಲ್ಲಾ ಮುಗ್ಸಿ ಭಾನುವಾರ ರಾತ್ರಿ ವಾಪಸ್ ಅಂತ. ಮ್ಯಾಪಲ್ಲಿ ಎಲ್ಲಾ ಹತ್ರಾನೇ ಕಾಣತ್ತೆ, ಆದ್ರೆ ಇಲ್ಲಿ ನಲವತ್ತು ಕಿಲೋಮೀಟರ್ ಅಂದ್ರೆ ಬಯಲುಸೀಮೆ ನಲವತ್ತಲ್ಲ, ತಿರುವು, ಮಳೆ, ಎದುರಿಗೆ ಬರೋ ಪ್ರೈವೇಟ್ ಬಸ್ಸು, ರಸ್ತೆ ಮಧ್ಯ ಮಲಗಿರೋ ದನ ಎಲ್ಲಾ ಸೇರಿ ಒಂದೂವರೆ ಗಂಟೆ ತಗೊಳತ್ತೆ. ಹಂಗೆ ಓಡಾಡಿದವರು ಕಾರಿನ ಗ್ಲಾಸು ನೋಡಿರ್ತಾರೆ, ಮಲ್ನಾಡು ನೋಡಿರಲ್ಲ. ಅದಕ್ಕೆ ನಾನು ಎಲ್ರಿಗೂ ಹೇಳೋದು ಒಂದೇ ಮಾತು, ಒಂದು ಹೊಳೆ ಹಿಡ್ಕೊಳ್ಳಿ, ಅದರ ಗುಂಟ ಹೋಗಿ. ನಾನು ತೀರ್ಥಹಳ್ಳಿ ಕಡೆಯವನು, ಶಿವಮೊಗ್ಗದಲ್ಲಿ ಕೆಲಸ, ಹಾಗಾಗಿ ನಾನು ಹೇಳೋ ಹೊಳೆ ತುಂಗೆ. ಕೆಳಗಿಂದ ಮೇಲಕ್ಕೆ, ಅಂದ್ರೆ ಕೂಡ್ಲಿಯಿಂದ ಶೃಂಗೇರಿ ಕಡೆಗೆ ಹೋಗಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಮೊದಲು ಯಾವಾಗ ಬರ್ಬೇಕು ಅನ್ನೋದು. ಇಲ್ಲಿ ಹಳಬರು ತಿಂಗಳಲ್ಲಿ ಲೆಕ್ಕ ಹಾಕಲ್ಲ, ಮಳೆ ನಕ್ಷತ್ರದಲ್ಲಿ ಲೆಕ್ಕ ಹಾಕ್ತಾರೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಹೊಳೆ ಕೆಂಪಗೆ ದಡ ತುಂಬಿ ಹೋಗ್ತಿರತ್ತೆ, ನೋಡೋಕೆ ಮೈ ಜುಂ ಅನ್ನತ್ತೆ ಆದ್ರೆ ದೂರದಿಂದ ನೋಡ್ಬೇಕಷ್ಟೆ, ಹತ್ರ ಹೋಗೋ ಹಾಗಿಲ್ಲ. ದಸರಾ ಕಳೆದ ಮೇಲೆ ಜನವರಿ ಶುರುವಿನವರೆಗೆ ನೀರು ತಿಳಿಯಾಗಿರತ್ತೆ, ಗದ್ದೆ ಹಸಿರಾಗಿರತ್ತೆ ಇಲ್ಲ ಕೊಯ್ಲಿಗೆ ಬಂದಿರತ್ತೆ, ಬೆಳಿಗ್ಗೆ ಮಂಜು. ಫಸ್ಟ್ ಟೈಮ್ ಬರೋರಿಗೆ ನನ್ನ ಓಟು ಇದಕ್ಕೇ. ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆ ತುಂಬ ಬಂಡೆ ಕಾಣ್ತವೆ, ಸೆಕೆ, ಆಗ ಬಂದು ಫಾಲ್ಸಲ್ಲಿ ನೀರೇ ಇಲ್ಲ ಅಂತ ಬೇಜಾರಾಗ್ಬೇಡಿ.

ಮಳೆಗಾಲದಲ್ಲಿ ಬರೋದೇ ಅಂತಾದ್ರೆ ಹೊಳೆ ಎಷ್ಟಿದೆ ಅಂತ ಕೇಳ್ಕೊಂಡು ಹೊರಡಿ. ಅದಕ್ಕೆ ಯಾವ ಆ್ಯಪೂ ಬೇಡ, ನಮಗೆ ಮೂರು ಗುರುತು ಇದಾವೆ. ಶೃಂಗೇರಿಯಲ್ಲಿ ಹೊಳೆ ಮೆಟ್ಟಿಲ ಹತ್ರ ಕಪ್ಪೆ ಶಂಕರ ಅನ್ನೋ ಪುಟ್ಟ ಕಲ್ಲು ಗುಡಿ, ತೀರ್ಥಹಳ್ಳಿಯಲ್ಲಿ ಹೊಳೆಯೊಳಗಿರೋ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ರ ಹೊಳೆ ನಡುವಿನ ಕಲ್ಲು ಮಂಟಪ. ಕಪ್ಪೆ ಶಂಕರ ಮುಳುಗಿತು ಅಂತ ಬೆಳಿಗ್ಗೆ ಸುದ್ದಿ ಬಂತು ಅಂದ್ರೆ ಆ ನೀರು ಕೆಳಗೆ ನಮ್ಮ ಕಡೆಗೇ ಬರ್ತಿದೆ ಅಂತ ಅರ್ಥ. ಶಿವಮೊಗ್ಗದಲ್ಲಿ ಮಂಟಪ ಮುಳುಗ್ತು ಅಂದ್ರೆ ಊರಿಗೆ ಊರೇ ಸೇತುವೆ ಮೇಲೆ ಬಂದು ನಿಲ್ಲತ್ತೆ, ಕೆಲವರು ಬಾಗಿನ ಬಿಡ್ತಾರೆ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸ್ತಾರೆ. ನೀವು ಬುಕ್ ಮಾಡಿರೋ ಹೋಮ್‌ಸ್ಟೇಯವರಿಗೆ ಹೊರಡೋ ಹಿಂದಿನ ದಿನ ಫೋನ್ ಮಾಡಿ ಮಂಟಪ ಮುಳುಗಿದ್ಯಾ ಅಂತ ಕೇಳಿ, ಮುಳುಗಿದ್ರೆ ದಂಡೆ ಮೇಲಿನ ಪ್ಲ್ಯಾನ್ ಎಲ್ಲಾ ಬಿಟ್ಟು ದೇವಸ್ಥಾನ, ಮ್ಯೂಸಿಯಂ, ಊಟದ ಪ್ಲ್ಯಾನ್ ಮಾಡ್ಕೊಳ್ಳಿ.

ಬರೋದು ಸುಲಭ. ಬೆಂಗಳೂರಿಂದ ರೈಲಿದೆ, ಬಸ್ಸಂತೂ ರಾತ್ರಿ ಹಗಲು ಇದೆ, 2023ರಿಂದ ಸೋಗಾನೆಯಲ್ಲಿ ಏರ್‌ಪೋರ್ಟೂ ಆಗಿದೆ. ಶಿವಮೊಗ್ಗದಿಂದ ಮೇಲಕ್ಕೆ ಮಾತ್ರ ಸ್ವಂತ ಗಾಡಿ ಇದ್ರೆ ಒಳ್ಳೇದು, ಇಲ್ದಿದ್ರೆ ತೀರ್ಥಹಳ್ಳಿಗೆ ಪ್ರೈವೇಟ್ ಬಸ್ಸು ಒಂದಾದ ಮೇಲೊಂದು ಇರತ್ತೆ. ಬಸ್ಸಲ್ಲಿ ಹೋಗೋರು ಒಳಗಿನ ಊರುಗಳಿಗೆ ವಾಪಸ್ ಲಾಸ್ಟ್ ಬಸ್ ಎಷ್ಟೊತ್ತಿಗೆ ಅಂತ ಇಳಿಯುವಾಗ್ಲೇ ಕಂಡಕ್ಟರ್ ಹತ್ರ ಕೇಳ್ಕೊಂಡು ಇಳೀರಿ, ಸಂಜೆ ಆರರ ಮೇಲೆ ಒಳದಾರೀಲಿ ಗಾಡಿ ಸಿಗೋದು ಕಷ್ಟ.

ಮೊದಲನೇ ದಿನ ಶಿವಮೊಗ್ಗಕ್ಕೆ ಬಂದು ಊಟ ಮುಗ್ಸಿ ಮಧ್ಯಾಹ್ನದ ಮೇಲೆ ಕೂಡ್ಲಿಗೆ ಹೋಗಿ, ಸುಮಾರು ಹದಿನೈದು ಕಿಲೋಮೀಟರ್. ಕುದುರೆಮುಖದ ಕಡೆ ಗಂಗಾಮೂಲದಲ್ಲಿ ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ, ಭದ್ರೆ ಇಬ್ರೂ ಮತ್ತೆ ಒಂದಾಗೋದು ಇಲ್ಲೇ. ಒಬ್ಳು ಶೃಂಗೇರಿ, ತೀರ್ಥಹಳ್ಳಿ ಸುತ್ತಿ ಬರ್ತಾಳೆ, ಇನ್ನೊಬ್ಳು ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ ಡ್ಯಾಮು, ಭದ್ರಾವತಿ ಸುತ್ತಿ ಬರ್ತಾಳೆ. ಇಲ್ಲಿಂದ ಮುಂದೆ ಹೆಸರು ತುಂಗಭದ್ರಾ, ಹೊನ್ನಾಳಿ, ಹರಿಹರ ದಾಟಿ ಹಂಪಿಗೆ ಹೋಗೋದು ಇದೇ ನೀರು. ಸಂಗಮದಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ, ಮಳೆ ಬಿಟ್ಟ ಹೊಸದ್ರಲ್ಲಿ ಎರಡು ಹೊಳೆ ನೀರಿನ ಬಣ್ಣ ಬೇರೆ ಬೇರೆ ಇರೋ ದಿನ ಸಿಗತ್ತೆ, ಒಂದಷ್ಟು ದೂರ ಎರಡೂ ಪಕ್ಕಪಕ್ಕ ಹೋಗಿ ಆಮೇಲೆ ಕಲೆಯೋದು ಕಾಣತ್ತೆ. ಸಂಗಮೇಶ್ವರ, ರಾಮೇಶ್ವರ ದೇವಸ್ಥಾನ ಹಳೇವು, ಮಠಗಳಿದಾವೆ, ಜಾಸ್ತಿ ಜನ ಇರಲ್ಲ. ಅದಕ್ಕೇ ಕೆಳಗಿಂದ ಶುರು ಮಾಡಿ ಅಂದಿದ್ದು, ಇಲ್ಲಿ ಇಷ್ಟಗಲ ನೋಡಿ ಆಮೇಲೆ ಮೇಲೆ ಮೇಲೆ ಹೋದ ಹಾಗೆ ಹೊಳೆ ಸಣ್ಣದಾಗ್ತಾ, ಕಾಡು ಹತ್ರ ಆಗ್ತಾ ಹೋಗೋದು ಗೊತ್ತಾಗತ್ತೆ.

ಟೈಮ್ ಇದ್ರೆ ಮತ್ತೂರಿಗೂ ಹೋಗ್ಬಹುದು, ಶಿವಮೊಗ್ಗದ ಹತ್ರಾನೇ, ತುಂಗೆಯ ಈ ದಂಡೆ ಮತ್ತೂರು, ಆ ದಂಡೆ ಹೊಸಹಳ್ಳಿ. ಸಂಸ್ಕೃತ ಮಾತಾಡೋ ಊರು, ಗಮಕದ ಊರು ಅಂತ ಹೆಸರಾಗಿದೆ. ಆದ್ರೆ ಅದು ಜನ ಸಂಸಾರ ಮಾಡ್ಕೊಂಡಿರೋ ಊರು, ಯಾರ್ದೋ ಮನೆ ಜಗಲಿ ಹತ್ರ ಹೋಗಿ ವಿಡಿಯೋ ಆನ್ ಮಾಡಿ ಸಂಸ್ಕೃತದಲ್ಲಿ ಏನಾದ್ರೂ ಹೇಳಿ ಅಂತ ಕೇಳ್ಬೇಡಿ ದಯವಿಟ್ಟು. ರಾತ್ರಿ ಶಿವಮೊಗ್ಗದಲ್ಲೇ ಉಳ್ಕೊಳ್ಳಿ, ಯಾಕಂದ್ರೆ ಬೆಳಿಗ್ಗೆ ಬೇಗ ಏಳೋದಿದೆ.

ಎರಡನೇ ದಿನ ತೀರ್ಥಹಳ್ಳಿ ರಸ್ತೆ. ಎಂಟೂವರೆ ಒಳಗೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಇರ್ಬೇಕು, ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಹನ್ನೊಂದರ ಮೇಲೆ ಹೋದ್ರೆ ಆನೆ ಇರಲ್ಲ, ಕಾಡಿಗೆ ಹೋಗಿರ್ತವೆ, ಎಷ್ಟೋ ಜನ ಮಧ್ಯಾಹ್ನ ಬಂದು ಖಾಲಿ ಬಿಡಾರ ನೋಡ್ಕೊಂಡು ವಾಪಸ್ ಹೋಗ್ತಾರೆ. ರಾತ್ರಿಯೆಲ್ಲಾ ಆನೆಗಳು ಕಾಡಲ್ಲಿ ಮೇಯ್ತಿರ್ತವೆ, ಕಾಲಿಗೆ ಉದ್ದ ಸರಪಳಿ ಇರತ್ತೆ, ಬೆಳಿಗ್ಗೆ ಕಾವಾಡಿಗಳು, ಅಂದ್ರೆ ಮಾವುತರ ಸಹಾಯಕರು, ನೆಲದ ಮೇಲೆ ಆ ಸರಪಳಿ ಎಳ್ಕೊಂಡು ಹೋದ ಗೀರು ನೋಡ್ಕೊಂಡೇ ಆನೆ ಎಲ್ಲಿದೆ ಅಂತ ಹುಡುಕ್ತಾರೆ. ಆಮೇಲೆ ಗಾಜನೂರು ಡ್ಯಾಮಿನ ಹಿನ್ನೀರಲ್ಲಿ ಸ್ನಾನ. ಆನೆ ಒಂದು ಮಗ್ಗುಲಾಗಿ ನೀರಲ್ಲಿ ಮಲಗತ್ತೆ, ಬರೀ ಸೊಂಡಿಲ ತುದಿ ನೀರಿಂದ ಮೇಲೆ ಇಟ್ಕೊಂಡಿರತ್ತೆ, ಮಾವುತ ಮೈಮೇಲೆ ನಿಂತು ಕಿವಿ ಹಿಂದೆ ಉಜ್ಜುವಾಗ ಕಣ್ಣು ಅರ್ಧ ಮುಚ್ಚತ್ತೆ, ಮಗ್ಗುಲು ಬದಲಿಸು ಅಂತ ಮಾವುತ ಒಂದು ಮಾತು ಹೇಳಿದ್ರೆ ಸಾಕು ಇಡೀ ಮೈ ತಿರುಗಿ ನೀರು ದಡಕ್ಕೆ ಬಂದು ನಿಮ್ಮ ಕಾಲಿಗೆ ಬಡಿಯತ್ತೆ. ನಾನು ಚಿಕ್ಕವನಿದ್ದಾಗಿಂದ ನೋಡ್ತಿದೀನಿ, ಇನ್ನೂ ಸಾಕಾಗಿಲ್ಲ. ಮರಿ ಆನೆ ಎಷ್ಟೇ ಮುದ್ದಾಗಿದ್ರೂ ಮಾವುತರು ಕರೆದ್ರೆ ಮಾತ್ರ ಹತ್ರ ಹೋಗಿ, ಹಿಂದಿನಿಂದ ಹೋಗ್ಬೇಡಿ, ಬಿಸ್ಕೆಟ್ ಕೊಡ್ಬೇಡಿ.

ಅಲ್ಲಿಂದ ಮುಂದೆ ರಸ್ತೆ ಪಕ್ಕದಲ್ಲೇ ಮಂಡಗದ್ದೆ, ಶಿವಮೊಗ್ಗದಿಂದ ಸುಮಾರು ಮೂವತ್ತು ಕಿಲೋಮೀಟರ್. ಹೊಳೆ ಮಧ್ಯ ಪುಟ್ಟ ನಡುಗಡ್ಡೆ, ಅದರ ಮೇಲಿನ ಮರಗಳಲ್ಲಿ ಹಕ್ಕಿ ಗೂಡು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಮಳೆಗಾಲದಲ್ಲಿ ಬಂದು ಮೊಟ್ಟೆ ಇಟ್ಟು ಮರಿ ಮಾಡ್ತವೆ, ಜುಲೈಯಿಂದ ಅಕ್ಟೋಬರ್ ಒಳಗೆ ಹೋದವರಿಗೆ ಮಾತ್ರ ಸಿಗೋ ನೋಟ, ಡಿಸೆಂಬರಲ್ಲಿ ಹೋದ್ರೆ ಮರ ಅಷ್ಟೇ. ಇಲ್ಲಿ ಮೇಲೆ ಹತ್ತಿ ನೋಡೋಕೆ ಗೋಪುರ ಇದೆ, ಬೈನಾಕ್ಯುಲರ್ ಇದ್ರೆ ತನ್ನಿ, ಹಾರ್ನ್ ಹೊಡೀಬೇಡಿ. ತುಂಬಿದ ಹೊಳೆಯಲ್ಲಿ ಮರದ ಬುಡ ಎಲ್ಲಾ ಮುಳುಗಿ ಮೇಲೆ ಬೆಳ್ಳಗೆ ಹಕ್ಕಿ ಕೂತಿರೋದು, ಕೆಳಗೆ ಕೆಂಪು ನೀರು ಓಡೋದು, ಅರ್ಧ ಗಂಟೆ ಆದ್ರೂ ಅಲ್ಲಿ ಕೊಡಿ.

ಮಧ್ಯಾಹ್ನಕ್ಕೆ ತೀರ್ಥಹಳ್ಳಿ. ನಮ್ಮೂರು ಅಂತ ಹೇಳ್ತಿಲ್ಲ, ಈ ದಾರಿಯಲ್ಲಿ ಒಂದು ರಾತ್ರಿ ಉಳಿಯೋಕೆ ಇದಕ್ಕಿಂತ ಒಳ್ಳೆ ಊರು ಇಲ್ಲ. ಕಮಾನು ಇರೋ ಹಳೇ ಸೇತುವೆ ಮೇಲೆ ಸಂಜೆ ನಡ್ಕೊಂಡು ಹೋಗಿ, ಕೆಳಗೆ ರಾಮೇಶ್ವರ ದೇವಸ್ಥಾನ, ಅದರ ಮುಂದೆ ಬಂಡೆಗಳ ನಡುವೆ ಹೊಳೆ. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆ ತೊಳೆದ ಜಾಗ ಅಂತ ನಂಬಿಕೆ, ಅದಕ್ಕೇ ತೀರ್ಥಹಳ್ಳಿ. ಎಳ್ಳಮಾವಾಸ್ಯೆಗೆ, ಡಿಸೆಂಬರ್ ಕೊನೆಗೋ ಜನವರಿಗೋ ಬರತ್ತೆ, ಜಾತ್ರೆ ಆಗತ್ತೆ, ತೀರ್ಥಸ್ನಾನ, ತೇರು, ತೆಪ್ಪೋತ್ಸವ. ತೆಪ್ಪೋತ್ಸವದ ರಾತ್ರಿ ಹೊಳೆ ತುಂಬ ದೀಪದ ಬೆಳಕು ಬಿದ್ದಿರತ್ತೆ, ಎರಡೂ ದಡದಲ್ಲಿ ಜನ. ಆಗ ಬರೋದಾದ್ರೆ ರೂಮು ಮೊದ್ಲೇ ಹೇಳಿಡಿ, ಆಮೇಲೆ ಸಿಗಲ್ಲ.

ಈಗ ಹೊಳೆಗೆ ಇಳಿಯೋ ವಿಷಯ, ಇದನ್ನ ಮಾತ್ರ ಪೂರ್ತಿ ಓದಿ. ತುಂಗೆ ನೋಡೋಕೆ ಸಾಧು, ಮೊಣಕಾಲುದ್ದ ನೀರು ಅಂತ ಕಾಣತ್ತೆ, ಆದ್ರೆ ಬಂಡೆ ಪಕ್ಕದಲ್ಲೇ ಆಳುದ್ದ ಗುಂಡಿ ಇರತ್ತೆ, ನೀರು ಬಂಡೆ ಸುತ್ತಿ ಬರೋ ಕಡೆ ಸುಳಿ ಇರತ್ತೆ, ಹಾವಸೆ ಕಟ್ಟಿದ ಕಲ್ಲು ಬೆಣ್ಣೆ ಹಂಗೆ ಜಾರತ್ತೆ. ಒಂದ್ಸಲ ನಾನು ನನ್ನ ದೊಡ್ಡಪ್ಪನ ಮಗ ಇಬ್ರೂ ಬಂಡೆ ಮೇಲೆ ಕೂತಿದ್ವಿ, ಸೆಪ್ಟೆಂಬರ್ ತಿಂಗಳು, ಚೆನ್ನಾಗಿ ಬಿಸಿಲಿತ್ತು, ಒಂದು ಹನಿ ಮಳೆ ಇಲ್ಲ. ಬಟ್ಟೆ ಒಗೆಯೋಕೆ ಬಂದಿದ್ದ ಅಜ್ಜಿ ಒಬ್ರು ನೀರಲ್ಲಿ ಬರ್ತಿದ್ದ ಕಸಕಡ್ಡಿ ನೋಡಿ, ಏ ತಮಾ, ಎದ್ದು ಬನ್ರೋ ಮೇಲೆ, ಮೇಲುಗಡೆ ಮಳೆ ಹೊಡ್ದಿದೆ ಅಂತ ಕೂಗಿದ್ರು. ಬಿಸಿಲಲ್ಲಿ ಎಂತ ಮಳೆ ಅಜ್ಜಿ ಅಂತ ನಾನು ಕೂತೇ ಇದ್ದೆ, ಅವರು ಇನ್ನೊಂದ್ಸಲ ಬೈದ ಮೇಲೆ ಎದ್ವಿ. ನಾವು ದಡ ಹತ್ತಿ ತಿರುಗಿ ನೋಡೋಷ್ಟರಲ್ಲಿ ಕಲ್ಲ ಮೇಲೆ ಬಿಟ್ಟಿದ್ದ ಚಪ್ಪಲಿ ತೇಲ್ತಿತ್ತು, ಸ್ವಲ್ಪ ಹೊತ್ತಿಗೆ ಆ ಬಂಡೆನೇ ಕಾಣ್ಲಿಲ್ಲ. ಶೃಂಗೇರಿ, ಆಗುಂಬೆ ಕಡೆ ಸುರಿದ ಮಳೆ ನೀರು ಇಲ್ಲಿಗೆ ಬಿಸಿಲಿರುವಾಗ್ಲೇ ಬರತ್ತೆ. ಅದಕ್ಕೆ ನೆನಪಿಟ್ಕೊಳ್ಳಿ, ತಿಳಿ ಇದ್ದ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಯ್ತು, ಎಲೆ ಕಡ್ಡಿ ಜಾಸ್ತಿ ಬರ್ತಿದೆ, ನೀರಿನ ಸದ್ದು ಬದಲಾಯ್ತು ಅಂದ್ರೆ ಬ್ಯಾಗ್ ಗೀಗ್ ಅಂತ ನೋಡ್ದೆ ಮೇಲೆ ಬನ್ನಿ. ಶಿವಮೊಗ್ಗ ಹತ್ರ ಆದ್ರೆ ಗಾಜನೂರು ಗೇಟ್ ತೆಗೆದ್ರೂ ನೀರು ಏರತ್ತೆ. ಮಳೆಗಾಲದಲ್ಲಿ ಇಳೀಲೇಬೇಡಿ, ಬೇರೆ ಟೈಮಲ್ಲೂ ಊರಿನವರು ಸ್ನಾನ ಮಾಡೋ ಜಾಗದಲ್ಲಿ ಮಾತ್ರ, ಅದೂ ಕೇಳ್ಕೊಂಡು. ಈಜು ಬರತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ, ಸ್ವಿಮ್ಮಿಂಗ್ ಪೂಲಲ್ಲಿ ಸುಳಿ ಇರಲ್ಲ. ಎಷ್ಟು ಮನೆ ಮಕ್ಕಳು ಹೀಗೆ ಹೋಗಿದಾರೆ ಅಂತ ದಂಡೆ ಊರಲ್ಲಿ ಬೆಳೆದವರಿಗೆ ಗೊತ್ತು.

ಮೂರನೇ ದಿನ ಬೆಳಿಗ್ಗೆ ಚಿಬ್ಬಲಗುಡ್ಡೆ, ತೀರ್ಥಹಳ್ಳಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಹೊಳೆ ದಂಡೆ ಮೇಲೆ ಸಿದ್ಧಿವಿನಾಯಕನ ದೇವಸ್ಥಾನ, ಕೆಳಗೆ ಮೀನು, ಇದು ಮತ್ಸ್ಯಧಾಮ, ಮೀನು ಹಿಡಿಯೋ ಹಾಗಿಲ್ಲ. ಒಂದು ಮುಷ್ಟಿ ಮಂಡಕ್ಕಿ ಹಾಕಿದ್ರೆ ನೀರು ಕುದಿದ ಹಾಗೆ ಆಗತ್ತೆ, ಕಪ್ಪು ಬೆನ್ನು ಒಂದರ ಮೇಲೊಂದು, ಬಾಯಿ ತೆಗೆದು ಮುಚ್ಚೋ ಸದ್ದು ದಡಕ್ಕೆ ಕೇಳತ್ತೆ. ಮಂಡಕ್ಕಿ ತಂದ ಪ್ಲಾಸ್ಟಿಕ್ ಕವರ್ ಮಾತ್ರ ಜೇಬಿಗೆ ಹಾಕ್ಕೊಳ್ಳಿ, ಗಾಳಿಗೆ ಹಾರಿ ನೀರಿಗೆ ಬೀಳೋದು ಅದೇ. ಇಲ್ಲೂ ನೀರು ತುಂಬ ಆಳ, ಮೆಟ್ಟಿಲ ಮೇಲಿಂದ್ಲೇ ನೋಡಿ.

ಅಲ್ಲಿಂದ ಕುಪ್ಪಳಿ. ಕುವೆಂಪು ಅವರ ಮನೆಯನ್ನ ಕವಿಮನೆ ಅಂತ ಮ್ಯೂಸಿಯಂ ಮಾಡಿ ಇಟ್ಟಿದಾರೆ, ಹಳೇ ಮಲ್ನಾಡಿನ ತೊಟ್ಟಿಮನೆ ಹೇಗಿರ್ತಿತ್ತು, ಬಾಣಂತಿ ಕೋಣೆ, ಅಡಿಗೆ ಮನೆ, ಉಪ್ಪರಿಗೆ ಅಂತ ನೋಡೋಕಾದ್ರೂ ಹೋಗ್ಬೇಕು. ಹಿಂದಿನ ಗುಡ್ಡ ಹತ್ತಿದ್ರೆ ಕವಿಶೈಲ, ಅವರ ಸಮಾಧಿ ಅಲ್ಲೇ ಇದೆ. ಅಲ್ಲಿ ಕೂತು ಸುಮ್ನೆ ಕಣಿವೆ ನೋಡ್ತಾ ಇರಿ, ಸ್ಪೀಕರಲ್ಲಿ ಹಾಡು ಹಾಕೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ಇಲ್ಲಿಂದ ಎರಡು ದಾರಿ, ಒಂದನ್ನ ಮಾತ್ರ ಆರಿಸ್ಕೊಳ್ಳಿ. ಹೊಳೆ ಬಿಡಬಾರ್ದು ಅಂದ್ರೆ ಕೊಪ್ಪ, ಹರಿಹರಪುರ ದಾರಿಯಲ್ಲಿ ಶೃಂಗೇರಿ. ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು, ಒಳಗೆ ಹನ್ನೆರಡು ರಾಶಿಯ ಹನ್ನೆರಡು ಕಂಬ. ಮೆಟ್ಟಿಲಿಳಿದ್ರೆ ತುಂಗೆ, ಮತ್ತೆ ಮೀನು, ಬಸುರಿ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು ಅನ್ನೋ ಕತೆಯ ಕಪ್ಪೆ ಶಂಕರ ಅಲ್ಲೇ, ಶಿವಮೊಗ್ಗದಲ್ಲಿ ಮಂಟಪ ನೋಡಿ ಬಂದವರು ಇದನ್ನ ಹುಡುಕಿ ನೋಡಿ. ಪಂಚೆ, ಸೀರೆ ಥರದ್ದು ಒಂದು ಬ್ಯಾಗಲ್ಲಿರ್ಲಿ. ಮಧ್ಯಾಹ್ನದ ಊಟಕ್ಕೆ ಹೊರಗೆ ಹೋಟ್ಲು ಹುಡುಕ್ಬೇಡಿ, ಪ್ರಸಾದ ಊಟ ಮಾಡಿ.

ಕಾಡು ಬೇಕು ಅಂದ್ರೆ ಆಗುಂಬೆ. ಸೂರ್ಯಾಸ್ತ ನೋಡ್ಬೇಕು ಅಂದ್ರೆ ನವೆಂಬರಿಂದ ಜನವರಿ, ಆಕಾಶ ಚೊಕ್ಕ ಇದ್ದ ದಿನ ದೂರದಲ್ಲಿ ಸಮುದ್ರದ ಮೇಲೆ ಸೂರ್ಯ ಇಳಿಯೋದು ಕಾಣತ್ತೆ, ಮಳೆಗಾಲದಲ್ಲಿ ಹೋದ್ರೆ ಬಿಳಿ ಮಂಜು ಬಿಟ್ಟು ಏನೂ ಇಲ್ಲ, ಅದೂ ಚೆಂದಾನೇ ಅನ್ನಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳೋ ಊರು ಅದು. ಬರ್ಕಣ, ಒನಕೆ ಅಬ್ಬಿ ಅಂತ ಒಳಗೆ ನಡೆಯೋ ಜಾಗಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಮಳೆಗಾಲದಲ್ಲಿ ಕೇಳೋಕೂ ಹೋಗ್ಬೇಡಿ, ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅಂತ ಯಾರಾದ್ರೂ ಕದ್ದು ಕರೆದ್ರೂ ಹೋಗ್ಬೇಡಿ, ಕಾಳಿಂಗ ಸರ್ಪದ ಕಾಡದು. ಘಾಟಿ ಇಳಿಯೋರು ಹದಿನಾಲ್ಕು ತಿರುವಲ್ಲೂ ಹತ್ತೋ ಗಾಡಿಗೆ ಮೊದಲು ದಾರಿ ಬಿಡಿ, ಮತ್ತೆ ಗುಡ್ಡ ಕುಸಿದು ಬಂದ್ ಆಗಿದ್ಯಾ ಅಂತ ಮೊದ್ಲೇ ಕೇಳ್ಕೊಳ್ಳಿ.

ಇಂಬಳದ, ಅಂದ್ರೆ ಜಿಗಣೆ ಬಗ್ಗೆ ಎಲ್ರೂ ಹೆದರ್ತಾರೆ, ಅದು ಅಷ್ಟೇನೂ ದೊಡ್ಡ ವಿಷಯ ಅಲ್ಲ. ಉದ್ದ ಸಾಕ್ಸ್ ಹಾಕಿ ಪ್ಯಾಂಟ್ ಅದರೊಳಗೆ ಸೇರ್ಸಿ, ಕೊಬ್ಬರಿ ಎಣ್ಣೆಗೆ ಉಪ್ಪು ಕಲಸಿ ಸವರ್ಕೊಳ್ಳಿ, ಹತ್ತಿದ್ರೆ ಕಿತ್ತು ಎಳೀಬೇಡಿ, ಬಾಯಿ ಕಚ್ಚಿರೋ ಕಡೆ ಉಗುರಿಂದ ಪಕ್ಕಕ್ಕೆ ಸರಿಸಿ. ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸೋರತ್ತೆ, ಗಾಬರಿ ಬೇಡ. ನಿಜವಾಗಿ ಹುಷಾರಿರ್ಬೇಕಾದ್ದು ಉಣ್ಣಿಗೆ. ಡಿಸೆಂಬರಿಂದ ಮೇ ತನಕ ಉಣ್ಣಿ ಕಚ್ಚಿ ಹರಡೋ ಮಂಗನ ಕಾಯಿಲೆ ಸೀಸನ್ನು, 1957ರಲ್ಲಿ ಮೊದಲು ಪತ್ತೆ ಆಗಿದ್ದೇ ನಮ್ಮ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಕಾಡೊಳಗೆ ಒಣಗಿದ ಎಲೆ ಮೇಲೆ ಕೂರ್ಬೇಡಿ, ಮಲಗ್ಬೇಡಿ, ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಸತ್ತ ಮಂಗ ಕಂಡ್ರೆ ಮುಟ್ಟದೆ ಅಲ್ಲಿನ ಜನಕ್ಕೆ ತಿಳಿಸಿ, ಮತ್ತೆ ಊರಿಗೆ ಹೋದ ಮೇಲೆ ಜ್ವರ ಬಂದ್ರೆ ಮಲ್ನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳೋದು ಮರೀಬೇಡಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಇದು ಹೊಳೆಯಲ್ಲ.

ತೀರ್ಥಹಳ್ಳಿ ದಾಟೋ ಮೊದ್ಲೇ ಪೆಟ್ರೋಲ್ ತುಂಬ್ಸಿ, ಕೈಯಲ್ಲಿ ಕ್ಯಾಶ್ ಇರ್ಲಿ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ನೆಟ್‌ವರ್ಕ್ ಹೋದ್ರೆ ಫೋನ್‌ಪೇನೂ ಇಲ್ಲ ದಾರಿಯೂ ಇಲ್ಲ. ಹೋಮ್‌ಸ್ಟೇಗೆ ಫೋನ್ ಮಾಡಿದಾಗ ಕೊನೇ ಒಂದೆರಡು ಕಿಲೋಮೀಟರ್ ರಸ್ತೆಗೆ ಸಣ್ಣ ಕಾರು ಬರತ್ತಾ ಅಂತ ಕೇಳಿ, ಕೆಲವು ಕಡೆ ಜೀಪೇ ಬೇಕು. ನವೆಂಬರಿಂದ ಫೆಬ್ರವರಿ ಅಡಿಕೆ ಕೊಯ್ಲು, ಮನೆಯವರೆಲ್ಲಾ ಅಡಿಕೆ ಸುಲಿಯೋದು, ಬೇಯಿಸೋದು, ಒಣಗಿಸೋದರಲ್ಲಿ ಇರ್ತಾರೆ, ಚಹಾ ಹತ್ತು ನಿಮಿಷ ಲೇಟಾದ್ರೆ ಸಹಿಸ್ಕೊಳ್ಳಿ, ಅಂಗಳದಲ್ಲಿ ಹರವಿದ ಅಡಿಕೆ ತುಳ್ಕೊಂಡು ಹೋಗ್ಬೇಡಿ, ಅದು ಅವರ ವರ್ಷದ ದುಡಿಮೆ. ಊಟಕ್ಕೆ ಮೆನು ಕೇಳೋ ಬದ್ಲು ಇವತ್ತು ಮನೇಲಿ ಎಂತ ಮಾಡಿದೀರಿ ಅಂತ ಕೇಳಿ, ಮಳೆಗಾಲದಲ್ಲಿ ಕಳಲೆ ಪಲ್ಯ, ಪತ್ರೊಡೆ, ಬೇರೆ ದಿನ ಕಡುಬು, ಅಕ್ಕಿ ರೊಟ್ಟಿ, ಒಂದೆಲಗದ ತಂಬುಳಿ, ತಿನ್ನೋರಿಗೆ ನಾಟಿಕೋಳಿ ಸಾರು. ಪನೀರ್ ಕೇಳಿದ್ರೆ ಅವರು ಪೇಟೆಯಿಂದ ತರಿಸಿ ಮಾಡಿ ಕೊಡ್ತಾರೆ, ಆದ್ರೆ ಅದನ್ನ ತಿನ್ನೋಕೆ ಇಷ್ಟು ದೂರ ಯಾಕೆ ಬರ್ಬೇಕು.

ಜೋಗ ಬಿಟ್ಟೋಯ್ತಲ್ಲ ಅಂತ ಕೇಳ್ತೀರಿ. ಜೋಗ ಇನ್ನೊಂದು ಹೊಳೆಯ ಊರು, ಅದಕ್ಕೆ ಇನ್ನೊಂದ್ಸಲ ಬನ್ನಿ. ಶರಾವತಿ ಹುಟ್ಟೋದು ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರಕ್ಕೆ ಹೋಗತ್ತೆ. ರೈಲಲ್ಲಿ ತಾಳಗುಪ್ಪಕ್ಕೆ ಬಂದ್ರೆ ಅಲ್ಲಿಗೆ ಹಳಿ ಮುಗೀತು, ಮುಂದೆ ಬಸ್ಸೋ ಆಟೋನೋ. ಜೋಗದಲ್ಲಿ ಮಂಜು ಮುಚ್ಚಿದ್ರೆ ಅರ್ಧ ಗಂಟೆ ಕಾಯಿರಿ, ಪರದೆ ಸರಿಸಿದ ಹಾಗೆ ಸರಿಯತ್ತೆ, ಬಂದ ತಕ್ಷಣ ವಾಪಸ್ ಹೋದವರು ಪಾಪ ಬರೀ ಸದ್ದು ಕೇಳಿರ್ತಾರೆ. ಸಾಗರದ ಹತ್ರ ಇಕ್ಕೇರಿ, ಕೆಳದಿ, ವರದಾಮೂಲ, ಹಿನ್ನೀರಿನ ಹೊನ್ನೆಮರಡು, ಆಚೆ ಸಿಗಂದೂರು ಎಲ್ಲಾ ಆ ಟ್ರಿಪ್ಪಿಗೆ ಇಟ್ಕೊಳ್ಳಿ. ಸಿಗಂದೂರಿಗೆ ಮೊದಲು ಲಾಂಚಲ್ಲಿ ಕಾರು ಬಸ್ಸು ಎಲ್ಲಾ ಹತ್ತಿಸ್ಕೊಂಡು ಹೋಗ್ಬೇಕಿತ್ತು, 2025ರ ಜುಲೈನಲ್ಲಿ ಸೇತುವೆ ಓಪನ್ ಆಯ್ತು, ಡ್ಯಾಮಿಗೆ ಊರು ಮುಳುಗಿದ ಮೇಲೆ ಅಷ್ಟು ವರ್ಷ ಲಾಂಚಿಗೆ ಕಾದ ಆ ದಂಡೆಯ ಜನರ ಹತ್ರ ಒಂದು ಚಹಾ ಕುಡೀತಾ ಮಾತಾಡಿ, ಅವರ ಹತ್ರ ಹೇಳೋಕೆ ತುಂಬ ಇದೆ.

ವಾಪಸ್ ಹೋಗುವಾಗ ತೀರ್ಥಹಳ್ಳಿ ಪೇಟೇಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ತಗೊಳ್ಳಿ. ಜೋನಿ ಬೆಲ್ಲದ ಡಬ್ಬಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಕಿ ಬಿಗಿಯಾಗಿ ಕಟ್ಟಿ ನೆಟ್ಟಗೆ ನಿಲ್ಸಿ, ಮಲಗಿಸಿದ್ರೆ ಶಿವಮೊಗ್ಗ ಮುಟ್ಟೋದ್ರೊಳಗೆ ಬ್ಯಾಗೆಲ್ಲಾ ಬೆಲ್ಲ ಆಗಿರತ್ತೆ.